ದಾಖಲೆ ಸರಿಯಿತ್ತು, ಗಡಿಯಾರ ಸರಿಯಿರಲಿಲ್ಲ: ಜಿನೀವಾ ಹರಾಜಿನ ಒಂದು ಪ್ರಕರಣ ಅಧ್ಯಯನ

2021ರ ನವೆಂಬರ್‌ನಲ್ಲಿ ಜಿನೀವಾದ ಹರಾಜೊಂದರಲ್ಲಿ ಉಕ್ಕಿನ ಹಳೆಯ ಕೈಗಡಿಯಾರವೊಂದು 31,15,500 ಸ್ವಿಸ್ ಫ್ರಾಂಕ್‌ಗಳಿಗೆ ಮಾರಾಟವಾಯಿತು. ಆಗಿನ ವಿನಿಮಯ ದರದಲ್ಲಿ ಅದು ಸುಮಾರು 25 ಕೋಟಿ ರೂಪಾಯಿ. ಕ್ಯಾಟಲಾಗಿನಲ್ಲಿ ಮುದ್ರಿಸಿದ್ದ ಅಂದಾಜು ಬೆಲೆ 80,000ದಿಂದ 1,20,000 ಫ್ರಾಂಕ್. ಕೊಂಡದ್ದು ಬೇರೆ ಯಾರೂ ಅಲ್ಲ, ಆ ಗಡಿಯಾರಕ್ಕೆ ಹೆಸರು ಕೊಟ್ಟ ತಯಾರಕ ಕಂಪನಿಯೇ. ತನ್ನ ಮ್ಯೂಸಿಯಂನಲ್ಲಿ ಇಡುವುದಕ್ಕೆಂದು ಕೊಂಡಿತ್ತು. 2023ರ ಜೂನ್‌ನಲ್ಲಿ ಜ್ಯೂರಿಕ್‌ನ ದಿನಪತ್ರಿಕೆಯೊಂದು ವರದಿ ಪ್ರಕಟಿಸಿದಾಗ ಲೋಕಕ್ಕೆ ತಿಳಿದ ಸಂಗತಿ ಇದು: ಆ ಗಡಿಯಾರ ಬೇರೆ ಬೇರೆ ಗಡಿಯಾರಗಳ ಬಿಡಿಭಾಗಗಳನ್ನು ತಂದು ಜೋಡಿಸಿದ್ದು, ಕಂಪನಿಯ ಮೂವರು ಮಾಜಿ ನೌಕರರು ಇದರಲ್ಲಿ ಭಾಗಿಗಳೆಂದು ಕಂಪನಿಯೇ ಆರೋಪಿಸಿದೆ, ಮತ್ತು ವಿಷಯ ಕ್ರಿಮಿನಲ್ ದೂರಿನ ಹಂತ ತಲುಪಿದೆ.

ಕಂಪನಿಯ ಹೆಸರನ್ನಾಗಲಿ, ಹರಾಜು ಸಂಸ್ಥೆಯ ಹೆಸರನ್ನಾಗಲಿ, ಆರೋಪಕ್ಕೆ ಒಳಗಾದವರ ಹೆಸರನ್ನಾಗಲಿ ಇಲ್ಲಿ ಬರೆಯುತ್ತಿಲ್ಲ. ಹಳೆಯ ಗಡಿಯಾರಗಳ ಹುಚ್ಚಿರುವವರು ಮೊದಲ ಪ್ಯಾರಾದಲ್ಲೇ ಗುರುತು ಹಿಡಿದಿರುತ್ತಾರೆ. ಉಳಿದವರಿಗೆ ಹೆಸರು ತಿಳಿಯದಿದ್ದರೆ ನಷ್ಟವೇನೂ ಇಲ್ಲ. ಆರೋಪ ಹೊತ್ತವರ ಮೇಲೆ ತೀರ್ಪು ಕೊಡುವ ಕೆಲಸವೂ ಈ ಬರಹದ್ದಲ್ಲ. ನೋಡಬೇಕಾದ್ದು ಬೇರೆಯೇ ಇದೆ. ತಯಾರಕ, ಹರಾಜುದಾರ, ತಜ್ಞ, ಖರೀದಿದಾರ ಎಲ್ಲರೂ ಇದ್ದ ಕೋಣೆಯಲ್ಲಿ ಇಂಥದ್ದೊಂದು ವಸ್ತು ಹೇಗೆ ದಾಟಿ ಹೋಯಿತು, ಯಾರು ಯಾವ ಘಟ್ಟದಲ್ಲಿ ಬೇರೆ ನಿರ್ಧಾರ ಮಾಡಬಹುದಿತ್ತು ಎಂಬುದು.

ಹಿನ್ನೆಲೆ

ಇದು 1957ರಲ್ಲಿ ಮೊದಲ ಬಾರಿ ಮಾರುಕಟ್ಟೆಗೆ ಬಂದ ಕ್ರೋನೋಗ್ರಾಫ್ ಮಾದರಿ. ಸಮಯ ತೋರಿಸುವುದರ ಜೊತೆಗೆ ನಿಲ್ಲಿಸಿ-ನಡೆಸಿ ಸೆಕೆಂಡುಗಳನ್ನು ಅಳೆಯಬಲ್ಲ ಗಡಿಯಾರ. ಮೋಟಾರು ರೇಸಿನವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಇದರ ಮುಂದಿನ ತಲೆಮಾರುಗಳು ಗಗನಯಾತ್ರಿಗಳ ಮಣಿಕಟ್ಟು ಸೇರಿದ ಮೇಲೆ ಮೊಟ್ಟಮೊದಲ ಆವೃತ್ತಿಗೆ ಸಂಗ್ರಾಹಕರ ನಡುವೆ ಎಲ್ಲಿಲ್ಲದ ಬೆಲೆ ಬಂತು. ಅಗಲ ಬಾಣದ ಆಕಾರದ ಗಂಟೆ ಮುಳ್ಳು, ವೇಗದ ಅಳತೆ ಕೆತ್ತಿದ ಉಕ್ಕಿನ ಬೆಜೆಲ್ (ಗಾಜಿನ ಸುತ್ತಲಿನ ಬಳೆ), ಒಳಗಿನ ಕೈಚಾವಿ ಯಂತ್ರ, ಈ ಮೂರೂ ಮೊದಲ ಆವೃತ್ತಿಯ ಗುರುತುಗಳು. ಕೆಲವೇ ವರ್ಷ ತಯಾರಾಗಿ ನಿಂತುಹೋದ ಮಾದರಿಯಾದ್ದರಿಂದ ಈ ಬಿಡಿಭಾಗಗಳೇ ಪ್ರತ್ಯೇಕವಾಗಿ ದೊಡ್ಡ ಬೆಲೆಗೆ ಕೈ ಬದಲಾಗುತ್ತವೆ. ಈ ಪ್ರಕರಣದ ಬೇರು ಇಲ್ಲಿಯೇ ಇದೆ. ಭಾಗಗಳಿಗೆ ಸಂತೆ ಇದ್ದ ಕಡೆ ಜೋಡಣೆಯ ಆಸೆಯೂ ಹುಟ್ಟುತ್ತದೆ.

ಹರಾಜಿಗೆ ಬಂದ ಈ ಗಡಿಯಾರದ ಇನ್ನೊಂದು ಆಕರ್ಷಣೆ ಅದರ ಡಯಲ್. ಕಾರ್ಖಾನೆಯಿಂದ ಕಪ್ಪಾಗಿ ಹೊರಟದ್ದು ದಶಕಗಳಲ್ಲಿ ಕಂದು ಬಣ್ಣಕ್ಕೆ ತಿರುಗಿದೆ ಎಂಬುದು ವಿವರಣೆ. ಹಳೆಯ ಬಣ್ಣದ ಮಿಶ್ರಣದಲ್ಲಿನ ದೋಷ, ಬಿಸಿಲು, ತೇವ ಸೇರಿ ಹೀಗಾಗುತ್ತದೆ. ತಯಾರಿಕೆಯ ದೃಷ್ಟಿಯಿಂದ ಇದು ಕೆಟ್ಟುಹೋದ ಮಾಲು. ಸಂಗ್ರಾಹಕರ ಭಾಷೆಯಲ್ಲಿ ಇದಕ್ಕೆ ‘ಟ್ರಾಪಿಕಲ್’ ಎಂಬ ಬಿರುದು, ಬಿರುದಿಗೆ ತಕ್ಕ ಬೆಲೆ. ಒಂದೇ ಸಮನೆ ಚಾಕೊಲೇಟ್ ಬಣ್ಣಕ್ಕೆ ತಿರುಗಿದ ಡಯಲ್ ಸಿಕ್ಕರಂತೂ ಜನ ಮೇಲೆ ಬಿದ್ದು ಕೊಳ್ಳುತ್ತಾರೆ. ದೋಷವೇ ಬೆಲೆಯಾಗುವ ಮಾರುಕಟ್ಟೆಯಲ್ಲಿ ಸಹಜವಾಗಿ ಆದ ದೋಷ ಯಾವುದು, ಕೈಯಾರೆ ತಂದ ದೋಷ ಯಾವುದು ಎಂದು ಹೇಳುವುದು ಕಷ್ಟ. ಹಾಗಾಗಿ ಇಲ್ಲಿ ಪರಿಣತರ ಮಾತಿಗೆ ಅಷ್ಟೊಂದು ತೂಕ.

ಕಾಲವನ್ನೂ ನೆನಪಿಡಬೇಕು. 2017ರ ಅಕ್ಟೋಬರ್‌ನಲ್ಲಿ ನಟ ಪಾಲ್ ನ್ಯೂಮನ್ ಧರಿಸುತ್ತಿದ್ದ ರೋಲೆಕ್ಸ್ ಡೇಟೋನಾ ನ್ಯೂಯಾರ್ಕಿನಲ್ಲಿ 1.77 ಕೋಟಿ ಡಾಲರಿಗೂ ಹೆಚ್ಚು ಬೆಲೆಗೆ ಹೋಗಿತ್ತು. ಆ ಬಳಿಕ ಹಳೆಯ ಕೈಗಡಿಯಾರ ಎಂಬುದು ಹವ್ಯಾಸಿಗಳ ಅಂಗಳ ದಾಟಿ ಹೂಡಿಕೆದಾರರ ಪಟ್ಟಿ ಸೇರಿತು. ಕೋವಿಡ್ ಕಾಲದ ಅಗ್ಗದ ಹಣ ಬೇರೆ. 2021ರಲ್ಲಿ ಹರಾಜಿನ ಕೋಣೆಯಲ್ಲಿ ದಾಖಲೆ ಮುರಿಯುವುದು ಸುದ್ದಿಯಾಗಿ ಉಳಿದಿರಲಿಲ್ಲ, ದಾಖಲೆ ಮುರಿಯದಿದ್ದರೆ ಅದೇ ಸುದ್ದಿ ಎನ್ನುವಂತಾಗಿತ್ತು.

ಸಮಸ್ಯೆ: ಅಸಲಿ ಭಾಗಗಳ ನಕಲಿ ಗಡಿಯಾರ

ಬೀದಿ ಬದಿಯಲ್ಲಿ ಸಿಗುವ ನಕಲಿ ವಾಚಿನ ವಿಷಯದಲ್ಲಿ ಗೊಂದಲವಿಲ್ಲ. ಹೆಸರು ಮಾತ್ರ ದೊಡ್ಡದು, ಒಳಗಿರುವುದೆಲ್ಲ ಅಗ್ಗದ ಸರಕು. ಇಲ್ಲಿ ಹಾಗಲ್ಲ. ಕಂಪನಿ ತಾನೇ ಹೇಳಿದ ಪ್ರಕಾರ ಈ ಗಡಿಯಾರದ ಬಹುಪಾಲು ಬಿಡಿಭಾಗಗಳು ಅದರದೇ ಅಸಲಿ ಭಾಗಗಳು. ಆದರೆ ಅವು 1957ರಲ್ಲಿ ಒಟ್ಟಿಗೆ ಕಾರ್ಖಾನೆಯಿಂದ ಹೊರಬಂದವಲ್ಲ. ಯಂತ್ರ ಒಂದರದ್ದು, ಕವಚ ಇನ್ನೊಂದರದ್ದು ಎನ್ನುವಂತೆ ಸೇರಿಸಿದವು. ಅಂಥ ಜೋಡಣೆಗೆ ಸಂಗ್ರಾಹಕರು ‘ಫ್ರಾಂಕನ್’ ಎನ್ನುತ್ತಾರೆ.

ಹಾಗೆ ನೋಡಿದರೆ ಅರವತ್ತು ವರ್ಷ ಹಳೆಯ ಯಾವ ಗಡಿಯಾರವೂ ಹುಟ್ಟಿದಂತೆಯೇ ಉಳಿದಿರುವುದಿಲ್ಲ. ಮುಳ್ಳು ಬದಲಾಗಿರುತ್ತದೆ, ಗಾಜು ಬದಲಾಗಿರುತ್ತದೆ, ರಿಪೇರಿಯವರು ಚಾವಿ ಕೊಡುವ ಗುಂಡಿಯ ಜಾಗಕ್ಕೆ ಕೈಗೆ ಸಿಕ್ಕದ್ದನ್ನು ಹಾಕಿರುತ್ತಾರೆ. ಅದು ಮೋಸವಲ್ಲ, ಗಡಿಯಾರದ ಬಾಳು. ಮೋಸ ಶುರುವಾಗುವುದು ಜೋಡಣೆಯನ್ನು ಮುಚ್ಚಿಟ್ಟು, ‘ಇದು ಹೀಗೆಯೇ ಉಳಿದು ಬಂದಿದೆ’ ಎಂಬ ಕಥೆಗೆ ಹಣ ಕೇಳಿದಾಗ. ಈ ಗಡಿಯಾರದ ಬೆಲೆಯಲ್ಲಿ ಉಕ್ಕು ಮತ್ತು ಹಲ್ಲುಚಕ್ರಗಳ ಪಾಲು ಅತ್ಯಲ್ಪ. ಉಳಿದದ್ದೆಲ್ಲ ಹಾಗೆಯೇ ಉಳಿದು ಬಂದದ್ದಕ್ಕೆ ಕೊಟ್ಟ ಬೆಲೆ. ಕಥೆ ಸುಳ್ಳಾದರೆ ಮಾರಿದ ಸರಕೇ ಇಲ್ಲವಾಗುತ್ತದೆ.

ಇಲ್ಲಿ ದೊಡ್ಡ ಹರಾಜು ಸಂಸ್ಥೆಗಳ ಷರತ್ತುಗಳನ್ನು ಒಮ್ಮೆ ಓದಬೇಕು. ಹೆಚ್ಚಿನ ಕಡೆ ವಸ್ತುವಿನ ಕರ್ತೃತ್ವಕ್ಕೆ ಕೆಲವು ವರ್ಷಗಳ ಖಾತರಿ ಕೊಡುತ್ತಾರೆ. ಗಡಿಯಾರಗಳ ವಿಷಯ ಬಂದಾಗ ಮಾತ್ರ ಸಣ್ಣ ಅಕ್ಷರದಲ್ಲಿ ಇನ್ನೊಂದು ಷರತ್ತು ಇರುತ್ತದೆ: ಹಳೆಯ ಗಡಿಯಾರಗಳು ರಿಪೇರಿಯಾಗಿರಬಹುದು, ಮೂಲವಲ್ಲದ ಭಾಗಗಳು ಇರಬಹುದು, ಯಾವುದೇ ಒಂದು ಬಿಡಿಭಾಗ ಅಸಲಿಯೆಂದು ನಾವು ಖಾತರಿ ಕೊಡುವುದಿಲ್ಲ. ರಿಪೇರಿಯ ವಾಸ್ತವವನ್ನು ಒಪ್ಪಿಕೊಳ್ಳುವ ಮಟ್ಟಿಗೆ ಇದು ನ್ಯಾಯವಾದ ಮಾತೇ. ಆದರೆ ಅದೇ ಕ್ಯಾಟಲಾಗಿನ ದಪ್ಪ ಅಕ್ಷರದ ಪುಟಗಳಲ್ಲಿ ಡಯಲಿನ ಬಣ್ಣಕ್ಕೆ, ಮುಳ್ಳಿನ ಆಕಾರಕ್ಕೆ, ಬೆಜೆಲಿನ ಅಂಚಿಗೆ ಒಂದೊಂದು ಪ್ಯಾರಾ ಹೊಗಳಿಕೆ. ಹೊಗಳುವಾಗ ಭಾಗ ಭಾಗವಾಗಿ ಹೊಗಳಿ, ಹೊಣೆ ಹೊರುವಾಗ ‘ಭಾಗಗಳ ವಿಷಯ ನಮ್ಮನ್ನು ಕೇಳಬೇಡಿ’ ಎನ್ನುವ ಈ ಇಬ್ಬಗೆಯನ್ನು ಕಾನೂನು ಬಹುಶಃ ಸಹಿಸಿಕೊಳ್ಳಬಹುದು. ನೀತಿಯ ಲೆಕ್ಕದಲ್ಲಿ ಸಹಿಸಿಕೊಳ್ಳಲು ನನಗೆ ಕಾರಣ ಕಾಣುವುದಿಲ್ಲ.

ಏನನ್ನು ಪರಿಶೀಲಿಸಿದರು

ಹರಾಜು ಸಂಸ್ಥೆ ಕಣ್ಣು ಮುಚ್ಚಿ ಕುಳಿತಿತ್ತು ಎನ್ನುವಂತಿಲ್ಲ. ವಿವಾದ ಬಯಲಾದ ಮೇಲೆ ಅದು ಕೊಟ್ಟ ವಿವರಣೆಯ ಸಾರ ಹೀಗಿದೆ. ಯಂತ್ರದ ಮೇಲಿನ ಸಂಖ್ಯೆಯನ್ನು ಆಧರಿಸಿ ಅದು ಯಾವಾಗ ತಯಾರಾಯಿತು, ಯಾವ ಮಾದರಿಗೆ ಅಳವಡಿಸಲಾಗಿತ್ತು, ಯಾವಾಗ ಮಾರಾಟವಾಯಿತು ಎಂಬುದನ್ನು ತಯಾರಕ ಕಂಪನಿಯಿಂದಲೇ ದೃಢಪಡಿಸಿಕೊಂಡಿತ್ತು. ಕಂಪನಿಯ ದಾಖಲೆಗಳ ಉದ್ಧೃತ ಪ್ರತಿಯನ್ನೂ ನೋಡಿತ್ತು. ತಜ್ಞರು, ವಿದ್ವಾಂಸರು, ವ್ಯಾಪಾರಿಗಳು, ಸ್ವತಃ ತಯಾರಕರು ಗಡಿಯಾರವನ್ನು ನೋಡಿದ್ದರು. ಆಗಾಗಲಿ ಆಮೇಲಾಗಲಿ ಯಾರೂ ತಕರಾರು ಎತ್ತಿರಲಿಲ್ಲ.

ಈ ವಿವರಣೆಯನ್ನು ನಿಧಾನವಾಗಿ ಓದಿದರೆ ಎರಡು ಸಂಗತಿಗಳು ಕಾಣುತ್ತವೆ.

ಮೊದಲನೆಯದು, ಪ್ರಶ್ನೆ ಕೇಳಿದ್ದು ಕಾಗದವನ್ನು. ಸ್ವಿಸ್ ಕಂಪನಿಗಳು ಕೊಡುವ ದಾಖಲೆಯ ಉದ್ಧೃತ ಪ್ರತಿ ಎಂದರೆ ಹಳೆಯ ಲೆಕ್ಕದ ಪುಸ್ತಕದಲ್ಲಿ ಒಂದು ಸಂಖ್ಯೆಯ ಎದುರಿಗೆ ಏನು ಬರೆದಿದೆಯೋ ಅದರ ನಕಲು. ಈ ಸಂಖ್ಯೆಯ ಯಂತ್ರ ಈ ದಿನ ತಯಾರಾಯಿತು, ಈ ದೇಶಕ್ಕೆ ಹೋಯಿತು, ಅಷ್ಟೇ. ಇವತ್ತು ಆ ಯಂತ್ರದ ಮೇಲೆ ಯಾವ ಡಯಲ್ ಕೂತಿದೆ, ಸುತ್ತ ಯಾವ ಕವಚವಿದೆ ಎಂಬುದನ್ನು ಆ ಪುಸ್ತಕ ಹೇಳಲಾರದು. ಜೋಡಣೆ ಮಾಡುವವನಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಸರಿಯಾದ ಸಂಖ್ಯೆಯ ಯಂತ್ರವೊಂದನ್ನು ಹುಡುಕಿಕೊಂಡರೆ ಕಾಗದ ತಾನಾಗಿಯೇ ಒಲಿಯುತ್ತದೆ, ಉಳಿದ ಭಾಗಗಳು ಅದರ ನೆರಳಿನಲ್ಲಿ ಅಸಲಿಯಾಗುತ್ತವೆ.

ವಸ್ತುವನ್ನೇ ಕೇಳುವ ದಾರಿಗಳು ಇರಲಿಲ್ಲವೆಂದಲ್ಲ. 1950ರ ದಶಕದ ಡಯಲ್‌ಗಳಲ್ಲಿ ಕತ್ತಲೆಯಲ್ಲಿ ಹೊಳೆಯಲು ರೇಡಿಯಂ ಬಳಸುತ್ತಿದ್ದರು. 1960ರ ದಶಕದಲ್ಲಿ ಆ ಜಾಗಕ್ಕೆ ಟ್ರಿಟಿಯಂ ಬಂತು. ರೇಡಿಯಂ ಬಣ್ಣದ ಹೊಳಪು ಸತ್ತುಹೋಗಿದ್ದರೂ ಅದರ ವಿಕಿರಣ ಸಾವಿರಾರು ವರ್ಷ ಉಳಿಯುತ್ತದೆ, ವಿಕಿರಣ ಪತ್ತೆಹಚ್ಚುವ ಗೈಗರ್ ಕೌಂಟರ್ ಹಿಡಿದರೆ ಅದು ಶಬ್ದ ಮಾಡುತ್ತದೆ. ನೇರಳಾತೀತ ಬೆಳಕಿನಲ್ಲಿ ಹಳೆಯ ಬಣ್ಣಕ್ಕೂ ಹೊಸದಾಗಿ ತುಂಬಿದ ಬಣ್ಣಕ್ಕೂ ವ್ಯತ್ಯಾಸ ಕಾಣುತ್ತದೆ. ಮುಳ್ಳಿನ ಮೇಲಿನ ಬಣ್ಣ, ಡಯಲಿನ ಮೇಲಿನ ಬಣ್ಣ ಒಂದೇ ರೀತಿ ವರ್ತಿಸುತ್ತವೆಯೇ ಎಂದು ಹೋಲಿಸಬಹುದು. ಕವಚದ ಒಳಮೈಯ ಸವೆತ, ಡಯಲಿನ ಅಂಚಿನಲ್ಲಿ ಬಿದ್ದ ಗುರುತು, ಬೆಜೆಲಿನ ಕೆಳಗಿನ ಕೊಳೆ ಒಂದಕ್ಕೊಂದು ಹೊಂದುತ್ತವೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಹಿಂದಿನ ಹರಾಜುಗಳ ಮತ್ತು ಮಾರಾಟಗಳ ಫೋಟೋಗಳು ಬೇಕಾದಷ್ಟು ಸಿಗುತ್ತವೆ. ಒಂದು ಡಯಲಿನ ಮೇಲಿನ ಚುಕ್ಕೆ, ಗೀರು ಬೆರಳಚ್ಚಿನಷ್ಟೇ ಖಚಿತ. ಅದು ಹಿಂದೆ ಬೇರೆ ಗಡಿಯಾರದಲ್ಲಿ ಕಾಣಿಸಿಕೊಂಡಿತ್ತೇ ಎಂದು ಹುಡುಕುವುದಕ್ಕೆ ಬೇಕಾದ್ದು ತಾಳ್ಮೆಯೇ ಹೊರತು ಪ್ರಯೋಗಾಲಯವಲ್ಲ. ಈ ಪ್ರಕರಣದಲ್ಲಿ ಅನುಮಾನದ ಮಾತು ಮೊದಲು ಎತ್ತಿದ್ದೂ ಹೀಗೆ ಫೋಟೋಗಳನ್ನು ಹೋಲಿಸುತ್ತಾ ಕೂರುವ ಸ್ವತಂತ್ರ ಸಂಶೋಧಕರ ವಲಯವೇ. ಅವರಿಗೆ ಕಮಿಷನ್ ಇರಲಿಲ್ಲ.

ಎರಡನೆಯದು, ಉತ್ತರ ಕೊಟ್ಟವರು ಯಾರು ಎಂಬುದು. ಚಿನ್ನ ಕೊಳ್ಳುವಾಗ ಅದು ಅಪರಂಜಿಯೇ ಎಂದು ಯಾವ ತಾಯಿಯೂ ಮಾರುವವನ ಬಳಿಯೇ ಒರೆಗೆ ಹಚ್ಚಿಸುವುದಿಲ್ಲ, ಪಕ್ಕದ ಬೀದಿಯ ಅಕ್ಕಸಾಲಿಗನ ಬಳಿಗೆ ಹೋಗುತ್ತಾಳೆ. ಇಲ್ಲಿ ತಿರುವು ಇನ್ನೂ ವಿಚಿತ್ರ. ಒರೆಗಲ್ಲು ಇದ್ದದ್ದು ಕೊಳ್ಳುವವನ ಮನೆಯಲ್ಲಿ. ಯಾವ ಕಂಪನಿಯ ದಾಖಲೆಯನ್ನು ಹರಾಜು ಸಂಸ್ಥೆ ನಂಬಿತೋ ಅದೇ ಕಂಪನಿಯ ಮ್ಯೂಸಿಯಂ ಖರೀದಿದಾರ. ಕಂಪನಿಯ ಆರೋಪವೇ ನಿಜವಾದರೆ, ಮ್ಯೂಸಿಯಂನ ಹೊಣೆ ಹೊತ್ತಿದ್ದವರು ಮಧ್ಯವರ್ತಿಗಳ ಜೊತೆ ಕೈಜೋಡಿಸಿದ್ದರು. ಇದು ಅಪರೂಪದ ವಸ್ತು, ನಮ್ಮ ಸಂಗ್ರಹಕ್ಕೆ ಇದು ಬೇಕೇ ಬೇಕು ಎಂದು ಮೇಲಿನ ಅಧಿಕಾರಿಗಳನ್ನು ಒಪ್ಪಿಸಿದ್ದರು. ಕೊಳ್ಳುವವನು ತನ್ನ ಹಿತಕ್ಕೆ ತಾನೇ ಕಾವಲಿರುತ್ತಾನೆ ಎಂಬುದು ಹರಾಜು ವ್ಯವಸ್ಥೆಯ ಬುನಾದಿ ನಂಬಿಕೆ. ಕೊಳ್ಳುವ ಸಂಸ್ಥೆಯ ಒಳಗಿನವರ ಹಿತವೇ ಬೇರೆಯಾದಾಗ ಆ ಬುನಾದಿಯ ಕೆಳಗೆ ಮಣ್ಣೇ ಇರುವುದಿಲ್ಲ.

ಹರಾಜಿನ ದಿನ

ಅಂದಾಜಿನ ಮೇಲ್ಮಿತಿ 1,20,000 ಫ್ರಾಂಕ್. ಕೂಗು ಅದನ್ನು ದಾಟಿತು, ಹತ್ತು ಲಕ್ಷ ದಾಟಿತು, ಇಪ್ಪತ್ತು ಲಕ್ಷ ದಾಟಿತು. ಕೊನೆಗೆ ನಿಂತದ್ದು, ಖರೀದಿದಾರನ ಪ್ರೀಮಿಯಂ (ಕೂಗಿನ ಮೊತ್ತದ ಮೇಲೆ ಕೊಂಡವನು ಹರಾಜು ಸಂಸ್ಥೆಗೆ ಕೊಡುವ ಶುಲ್ಕ) ಸೇರಿ, ಮೇಲ್ಮಿತಿಯ ಇಪ್ಪತ್ತೈದು ಪಟ್ಟಿಗೂ ಹೆಚ್ಚು ಮೊತ್ತಕ್ಕೆ. ಆ ಬ್ರ್ಯಾಂಡಿನ ಗಡಿಯಾರವೊಂದಕ್ಕೆ ಹರಾಜಿನಲ್ಲಿ ಸಿಕ್ಕ ಅತಿ ಹೆಚ್ಚು ಬೆಲೆ ಎಂಬ ದಾಖಲೆಯೂ ಆಯಿತು. ಸಭಾಂಗಣದಲ್ಲಿ ಚಪ್ಪಾಳೆ ಬೀಳುವ ಗಳಿಗೆ ಇದು.

ನನ್ನ ಮಟ್ಟಿಗೆ ಈ ಪ್ರಕರಣದ ನಿಜವಾದ ತಿರುವು ಇಲ್ಲಿದೆ. ಹರಾಜಿನಲ್ಲಿ ಬೆಲೆ ಏರುವುದಕ್ಕೆ ಒಬ್ಬ ಸಾಲದು, ಇಬ್ಬರು ಬೇಕು. ಅಂದಾಜು ಹಾಕಿದ್ದು ಇದೇ ಸಂಸ್ಥೆಯ ಪರಿಣತರು. ಮಾರುಕಟ್ಟೆಯನ್ನು ಅವರಷ್ಟು ಬಲ್ಲವರು ಕಡಿಮೆ. ಅಂಥವರು ಒಂದು ಲಕ್ಷ ಎಂದು ತೂಗಿದ ವಸ್ತುವಿಗೆ ಇಬ್ಬರು ಮೂವತ್ತು ಲಕ್ಷದ ತನಕ ಸೆಣಸಿದರೆ ಎರಡೇ ಸಾಧ್ಯತೆ. ಒಂದೋ ಪರಿಣತರು ತಮ್ಮ ಕಸುಬಿನಲ್ಲಿ ದಾರುಣವಾಗಿ ಎಡವಿದ್ದಾರೆ, ಇಲ್ಲವೋ ಕೂಗಿನ ಹಿಂದೆ ವಸ್ತುವಿನ ಬೆಲೆಗೆ ಸಂಬಂಧಿಸದ ಇನ್ನೇನೋ ಕಾರಣವಿದೆ. ಎರಡೂ ಸಂದರ್ಭಗಳಲ್ಲಿ ಮರುದಿನ ಬೆಳಿಗ್ಗೆ ಆಗಬೇಕಾದ ಕೆಲಸ ಒಂದೇ: ಹಣ ಕೈ ಬದಲಾಗುವ ಮೊದಲು ಗಡಿಯಾರವನ್ನು ಮತ್ತೆ ಬಿಚ್ಚಿ ನೋಡುವುದು, ಕೂಗಿದವರ ಮತ್ತು ಮಾರಿದವರ ನಡುವೆ ಸಂಬಂಧವಿದೆಯೇ ಎಂದು ವಿಚಾರಿಸುವುದು. ಬ್ಯಾಂಕಿನಲ್ಲಿ ಖಾತೆಯೊಂದಕ್ಕೆ ಏಕಾಏಕಿ ಇಪ್ಪತ್ತೈದು ಪಟ್ಟು ಹಣ ಬಂದರೆ ಯಾರಾದರೂ ಕರೆ ಮಾಡಿ ಕೇಳುತ್ತಾರೆ. ಹರಾಜು ಲೋಕದಲ್ಲಿ ಅದೇ ಅಂಕಿ ಪತ್ರಿಕಾ ಪ್ರಕಟಣೆಯ ಶೀರ್ಷಿಕೆಯಾಗುತ್ತದೆ. ಸಂಸ್ಥೆಗೆ ಸಿಗುವ ಪ್ರೀಮಿಯಂ ಕೂಗಿನ ಮೊತ್ತದ ಮೇಲೆ ಲೆಕ್ಕವಾಗುತ್ತದೆ ಎಂಬುದನ್ನು ಇಲ್ಲಿ ಮರೆಯುವಂತಿಲ್ಲ. ಬೆಲೆ ಅಸಹಜವಾದಷ್ಟೂ ಅನುಮಾನ ಪಡಲು ಹೆಚ್ಚು ಕಾರಣ, ಅನುಮಾನ ಪಡದಿರಲು ಹೆಚ್ಚು ಹಣ. ಸಂಸ್ಥೆಯಲ್ಲಿರುವವರು ಎಷ್ಟೇ ಪ್ರಾಮಾಣಿಕರಾಗಿರಲಿ, ವ್ಯವಸ್ಥೆಯ ಓಟ ಒಂದೇ ದಿಕ್ಕಿಗೆ.

ಇನ್ನೂ ಒಂದು ಪರಿಣಾಮವಿದೆ. ದಾಖಲೆ ಬೆಲೆ ಬಂದ ಮೇಲೆ ಆ ಬೆಲೆಯೇ ಪ್ರಮಾಣಪತ್ರವಾಗುತ್ತದೆ. ಮೂವತ್ತೊಂದು ಲಕ್ಷ ಫ್ರಾಂಕ್ ಕೊಟ್ಟು ತಯಾರಕರೇ ಒಯ್ದ ಗಡಿಯಾರವನ್ನು ಅನುಮಾನಿಸುವ ಧೈರ್ಯ ಯಾವ ಪಾಂಡಿತ್ಯಕ್ಕೆ ಬರುತ್ತದೆ? ಅದೇ ಮಾದರಿಯ ಬೇರೆ ಗಡಿಯಾರಗಳ ಬೆಲೆ ಈ ಅಂಕಿಯತ್ತ ಕೈಚಾಚುತ್ತದೆ. ಮಾರಿದವರ ಮೋಸ ಖರೀದಿದಾರನ ಜೇಬಿನಲ್ಲಿ ನಿಲ್ಲುವುದಿಲ್ಲ, ಮಾರುಕಟ್ಟೆಯ ಅಳತೆಗೋಲನ್ನೇ ಡೊಂಕು ಮಾಡುತ್ತದೆ.

ಬಯಲಾದ ನಂತರ

2023ರಲ್ಲಿ ಕಂಪನಿಯ ಆಂತರಿಕ ತನಿಖೆ ಮತ್ತು ಪತ್ರಿಕಾ ವರದಿ ಹೆಚ್ಚು ಕಡಿಮೆ ಒಟ್ಟಿಗೆ ಹೊರಬಂದವು. ಕಂಪನಿ ತನ್ನವರೇ ಇದರಲ್ಲಿ ಇದ್ದರೆಂದು ಸಾರ್ವಜನಿಕವಾಗಿ ಒಪ್ಪಿಕೊಂಡಿತು. ಇದು ಸುಲಭದ ನಿರ್ಧಾರವಲ್ಲ. ಮ್ಯೂಸಿಯಂನ ಗಾಜಿನ ಪೆಟ್ಟಿಗೆಯಿಂದ ಗಡಿಯಾರವನ್ನು ಸದ್ದಿಲ್ಲದೆ ತೆಗೆದು, ನೌಕರರನ್ನು ಸದ್ದಿಲ್ಲದೆ ಕಳಿಸಿ, ನಷ್ಟವನ್ನು ಲೆಕ್ಕದ ಮೂಲೆಯಲ್ಲಿ ಬರೆದು ಮುಗಿಸಬಹುದಿತ್ತು. ಐಷಾರಾಮಿ ವಸ್ತುಗಳ ಲೋಕದಲ್ಲಿ ಹೀಗೆ ಮುಗಿಸುವುದೇ ರೂಢಿ ಎಂದು ಆ ವಲಯವನ್ನು ಬಲ್ಲ ಯಾರಾದರೂ ಹೇಳುತ್ತಾರೆ. ಕ್ರಿಮಿನಲ್ ದೂರಿನ ದಾರಿ ಹಿಡಿದದ್ದು ಈ ಪ್ರಕರಣದಲ್ಲಿ ನನಗೆ ಕಾಣುವ ಅತ್ಯಂತ ಸರಿಯಾದ ನಡೆ.

ಜೊತೆಗೆ ಕಂಪನಿ ಇನ್ನೊಂದು ಮಾತು ಹೇಳಿತು: ತಾನೂ ಹರಾಜು ಸಂಸ್ಥೆಯೂ ಸಂಘಟಿತ ಅಪರಾಧದ ಸಂತ್ರಸ್ತರು. ಹರಾಜು ಸಂಸ್ಥೆಯ ನಿಲುವೂ ಇದಕ್ಕೆ ದೂರವಿರಲಿಲ್ಲ; ಯಾರೂ ಅನುಮಾನ ವ್ಯಕ್ತಪಡಿಸಿರಲಿಲ್ಲ, ಪೊಲೀಸರಿಗೆ ಸಹಕರಿಸುತ್ತೇವೆ, ಗಡಿಯಾರವನ್ನು ಮಾರಾಟಕ್ಕೆ ತಂದವರ ಹೆಸರನ್ನು ಅಧಿಕಾರಿಗಳು ಕೇಳಿದರೆ ವಿಶೇಷ ಸಂದರ್ಭವೆಂದು ಬಹಿರಂಗಪಡಿಸಲು ಸಿದ್ಧ ಎಂದಿತು.

ಮೋಸಕ್ಕೆ ಒಳಗಾದವರು ಎಂಬ ಅರ್ಥದಲ್ಲಿ ಇಬ್ಬರೂ ಸಂತ್ರಸ್ತರೇ ಇರಬಹುದು. ಆದರೆ ಈ ಪದ ಒಂದು ವ್ಯತ್ಯಾಸವನ್ನು ಮುಚ್ಚಿಹಾಕುತ್ತದೆ. ಕಂಪನಿ ಹಣ ಕಳೆದುಕೊಂಡಿತು. ಹರಾಜು ಸಂಸ್ಥೆ ಆ ವಹಿವಾಟಿನಿಂದ ಹಣ ಪಡೆಯಿತು. ಹಣ ಪಡೆದದ್ದು ಯಾವ ಸೇವೆಗೆ? ಸುತ್ತಿಗೆ ಬಡಿಯುವುದಕ್ಕೆ ಅಷ್ಟು ಹಣ ಯಾರೂ ಕೊಡುವುದಿಲ್ಲ. ನಾಲ್ಕಾರು ಪರಿಣತರು ನೋಡಿ ಒಪ್ಪಿದ್ದಾರೆ ಎಂಬ ಭರವಸೆಗೆ ಕೊಡುತ್ತಾರೆ. ಆ ಭರವಸೆ ಹುಸಿಯಾದಾಗ ‘ಬೇರೆಯವರೂ ಮೋಸಹೋದರು’ ಎನ್ನುವುದು ಸಮಜಾಯಿಷಿಯಾಗಬಹುದು, ಮಾರಿದ ಸರಕಿಗೆ ಬದಲಿಯಾಗಲಾರದು. ‘ಯಾರೂ ತಕರಾರು ಎತ್ತಲಿಲ್ಲ’ ಎಂಬ ವಾದದಲ್ಲಿಯೂ ಇದೇ ತೊಡಕು. ಇದು ಅಸಲಿ ಎಂದು ನನಗೆ ಹೇಗೆ ಗೊತ್ತು ಎಂದು ಕೇಳಿಕೊಳ್ಳಬೇಕಾದ ಜಾಗದಲ್ಲಿ ಇದು ನಕಲಿ ಎಂದು ಯಾರಾದರೂ ಹೇಳಿದರೇ ಎಂದು ಕೇಳಿಕೊಂಡಿದ್ದಾರೆ. ಎರಡನೆಯ ಪ್ರಶ್ನೆಗೆ ಮೌನ ಉತ್ತರವಾಗುತ್ತದೆ. ಮೌನಕ್ಕೆ ಕಾರಣಗಳು ನೂರು: ನೋಡದೆ ಇರುವುದು, ಸಂಬಂಧ ಕೆಡಿಸಿಕೊಳ್ಳಲು ಮನಸ್ಸಿಲ್ಲದಿರುವುದು, ತಾನೂ ನಾಳೆ ಇದೇ ಸಂಸ್ಥೆಯಲ್ಲಿ ಗಡಿಯಾರ ಮಾರಬೇಕಾಗಿರುವುದು.

ಕಾನೂನು ಎಷ್ಟು ದೂರ ಬರುತ್ತದೆ

ಸ್ವಿಸ್ ಹೊಣೆಗಾರಿಕೆ ಸಂಹಿತೆಯ 234ನೇ ವಿಧಿ ಸಾರ್ವಜನಿಕ ಹರಾಜಿನ ಮಾರಾಟಗಾರನನ್ನು ಬೇರೆ ಮಾರಾಟಗಾರರಂತೆಯೇ ಹೊಣೆಗಾರನನ್ನಾಗಿ ಮಾಡುತ್ತದೆ. ಆದರೆ ಮುಂಚಿತವಾಗಿ ಪ್ರಕಟಿಸಿದ ಷರತ್ತುಗಳಲ್ಲಿ ಆ ಹೊಣೆಯನ್ನು ಕಳಚಿಕೊಳ್ಳಲು ಅವಕಾಶವನ್ನೂ ಕೊಡುತ್ತದೆ; ಉದ್ದೇಶಪೂರ್ವಕ ವಂಚನೆಯಿಂದ ಮಾತ್ರ ಕಳಚಿಕೊಳ್ಳುವಂತಿಲ್ಲ. ಇದರ ಆಚೆಗೂ ಖರೀದಿದಾರನಿಗೆ ಒಂದು ಬಾಗಿಲಿದೆ. ವ್ಯಾನ್ ಗಾಗ್‌ನದೆಂದು ಮಾರಿದ ಚಿತ್ರದ ವಿಷಯದಲ್ಲಿ 1956ರಲ್ಲಿ, ಪಿಕಾಸೊನದೆಂದು ಮಾರಿದ ಚಿತ್ರದ ವಿಷಯದಲ್ಲಿ 1988ರಲ್ಲಿ ಸ್ವಿಸ್ ಸರ್ವೋಚ್ಚ ನ್ಯಾಯಾಲಯ, ಕೃತಿ ಅಸಲಿ ಎಂಬ ನಂಬಿಕೆಯೇ ಒಪ್ಪಂದದ ಬುನಾದಿಯಾಗಿದ್ದರೆ ಆ ಮೂಲಭೂತ ತಪ್ಪು ತಿಳಿವಳಿಕೆಯ ಆಧಾರದ ಮೇಲೆ ಕೊಂಡವನು ಒಪ್ಪಂದದಿಂದ ಹೊರಬರಬಹುದು ಎಂಬ ನಿಲುವು ತಳೆದಿದೆ. ಚಿತ್ರಕ್ಕೆ ಒಬ್ಬ ಕರ್ತೃ ಇರುತ್ತಾನೆ, ಹಾಗಾಗಿ ಅಸಲಿತನದ ಪ್ರಶ್ನೆಗೆ ಹೌದು-ಅಲ್ಲ ಎಂಬ ಉತ್ತರ ಸಾಧ್ಯ. ಬಹುಪಾಲು ಅಸಲಿ ಭಾಗಗಳಿರುವ ಗಡಿಯಾರಕ್ಕೆ ಈ ತರ್ಕವನ್ನು ಅನ್ವಯಿಸುವಾಗ ವಕೀಲರಿಗೆ ಒಳ್ಳೆಯ ದುಡಿಮೆ ಸಿಗುತ್ತದೆ.

ನಮ್ಮಲ್ಲಿ 1930ರ ಸರಕು ಮಾರಾಟ ಕಾಯ್ದೆಯ 64ನೇ ಸೆಕ್ಷನ್ ಹರಾಜಿನ ಬಗ್ಗೆಯೇ ಇದೆ. ಬೆಲೆ ಏರಿಸಲು ಮಾರುವವನು ಹುಸಿ ಕೂಗು ಹಾಕಿಸಿದರೆ ಕೊಂಡವನು ಬಯಸಿದಲ್ಲಿ ಮಾರಾಟವನ್ನು ರದ್ದುಪಡಿಸಬಹುದು ಎನ್ನುತ್ತದೆ. ಕೊಳ್ಳುವ ಸಂಸ್ಥೆಯ ಒಳಗಿನವರೇ ಬೆಲೆ ಏರಿಸಲು ಸಹಕರಿಸಿದರೆ ಏನು ಎಂಬುದನ್ನು ಆ ಸೆಕ್ಷನ್ ಬರೆದವರು ಯೋಚಿಸಿದಂತಿಲ್ಲ.

ಬೆಂಗಳೂರಿನ ಮಾತು

ಕೋಟಿಗಳ ಕಥೆ ಎಂದು ದೂರ ತಳ್ಳುವ ಮೊದಲು ನಮ್ಮ ಎಚ್‌ಎಂಟಿಯನ್ನು ನೆನೆಯಬಹುದು. 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಶುರುವಾದ ಆ ಕಾರ್ಖಾನೆಯ ಜನತಾ, ಪೈಲಟ್ ಗಡಿಯಾರಗಳಿಗೆ ತಯಾರಿಕೆ ನಿಂತ ಮೇಲೆ ಸಂಗ್ರಾಹಕರು ಹುಟ್ಟಿಕೊಂಡರು. ಸಂಗ್ರಾಹಕರ ಹಿಂದೆಯೇ ಬಣ್ಣ ಬಳಿದ ಡಯಲ್‌ಗಳೂ ಬಂದವು. ಕಾರ್ಖಾನೆ ಎಂದೂ ಮಾಡದ ಬಣ್ಣಗಳಲ್ಲಿ, ಎಂದೂ ಹಾಕದ ಮುಳ್ಳುಗಳೊಂದಿಗೆ ‘ಅಪರೂಪದ ಹಳೆಯ ಎಚ್‌ಎಂಟಿ’ ಎಂದು ಮಾರುವ ಜಾಹೀರಾತುಗಳು ಮೊಬೈಲ್‌ನಲ್ಲಿ ದಿನವೂ ಕಾಣುತ್ತವೆ. ಒಳಗಿನ ಯಂತ್ರ ಅಸಲಿ ಎಚ್‌ಎಂಟಿಯದೇ. ‘ಡಯಲ್ ಹೊಸದಾಗಿ ಬಣ್ಣ ಹಾಕಿಸಿದ್ದು’ ಎಂದು ಒಂದು ಸಾಲು ಬರೆದರೆ ಅದು ಸೊಗಸಾದ ಚಂದದ ವಾಚು, ಬರೆಯದಿದ್ದರೆ ಜಿನೀವಾದ ಅಣ್ಣತಮ್ಮ. ಈ ಸಾಲು ಬರೆದುಕೊಂಡೇ ಮಾರುವ ರಿಪೇರಿಯವರೂ ಇದ್ದಾರೆ, ಅವರ ಗಿರಾಕಿಗಳಿಗೆ ಕೊರತೆಯಿಲ್ಲ.

ನಿರ್ಧಾರದ ಘಟ್ಟಗಳು

ಈ ಪ್ರಕರಣವನ್ನು ಮತ್ತೆ ಮೊದಲಿನಿಂದ ನಡೆಸಿದರೆ ಎಲ್ಲಿ ನಿಲ್ಲಿಸಬಹುದಿತ್ತು? ಖರೀದಿಸಿದ ಕಂಪನಿಯ ಕಡೆಯಿಂದ ನೋಡಿದರೆ ಉತ್ತರ ಬೇಗ ಸಿಗುತ್ತದೆ. ಕೊಳ್ಳಬೇಕೆಂದು ಸೂಚಿಸುವವರೂ ಪರಿಶೀಲಿಸುವವರೂ ಒಂದೇ ವಿಭಾಗದವರಾಗಬಾರದಿತ್ತು. ಮ್ಯೂಸಿಯಂಗೆ ಆಸೆ ಇದ್ದ ವಸ್ತುವನ್ನು ಕಾರ್ಖಾನೆಯ ರಿಪೇರಿ ವಿಭಾಗದ ಹಳೆಯ ಕೈಯೊಂದು ಬಿಚ್ಚಿ ನೋಡಿ ಸಹಿ ಮಾಡಬೇಕಿತ್ತು. ಕೂಗಿಗೆ ಮೇಲ್ಮಿತಿ ಇರಬೇಕಿತ್ತು. ಅದನ್ನು ದಾಟಬೇಕಾದರೆ ಮ್ಯೂಸಿಯಂನ ಹೊರಗಿನ ಇನ್ನೊಬ್ಬರ ಒಪ್ಪಿಗೆ ಬೇಕಿತ್ತು. ಸರಕಾರಿ ಕಚೇರಿಯ ಕಡತಗಳಲ್ಲಿ ನಮಗೆ ಬೇಸರ ತರಿಸುವ ಎರಡನೆಯ ಸಹಿಗೆ ಇಂಥ ಕಡೆ ಅರ್ಥವಿದೆ.

ಹರಾಜು ಸಂಸ್ಥೆಯ ಕಡೆಯಿಂದ ಉತ್ತರ ಅಷ್ಟು ಸುಲಭವಲ್ಲ, ಏಕೆಂದರೆ ಅದು ಒಂದೇ ಗಳಿಗೆಯಲ್ಲಿ ಮಾರುವವನ ಪ್ರತಿನಿಧಿ, ಕೊಳ್ಳುವವನ ಸಲಹೆಗಾರ ಮತ್ತು ಬೆಲೆಯ ಸಾಕ್ಷಿ. ಈ ಮೂರು ಪಾತ್ರಗಳನ್ನು ಬೇರ್ಪಡಿಸಲು ಅದು ಒಪ್ಪುತ್ತದೆ ಎಂದು ನಿರೀಕ್ಷಿಸುವುದು ಹೆಚ್ಚಾಯಿತು. ಆದರೆ ಕೆಲವು ಕೆಲಸಗಳಿಗೆ ಪಾತ್ರ ಬದಲಿಸಬೇಕಾಗಿಲ್ಲ. ತಯಾರಕರ ದಾಖಲೆ ಯಂತ್ರದ ಸಂಖ್ಯೆಗೆ ಮಾತ್ರ ಅನ್ವಯಿಸುತ್ತದೆ ಎಂಬುದನ್ನು ಸಣ್ಣ ಅಕ್ಷರದ ಷರತ್ತಿನಿಂದ ತೆಗೆದು ವಿವರಣೆಯ ಪಕ್ಕದಲ್ಲೇ ಬರೆಯಬಹುದು. ಡಯಲ್, ಮುಳ್ಳು, ಕವಚ, ಬೆಜೆಲ್ ಒಂದೊಂದನ್ನೂ ಯಾರು ಯಾವ ವಿಧಾನದಲ್ಲಿ ಪರೀಕ್ಷಿಸಿದರು, ಏನು ಕಂಡಿತು ಎಂದು ಪ್ರಕಟಿಸಬಹುದು. ಆಗ ಹೊರಗಿನ ಸಂಶೋಧಕರಿಗೆ ಹರಾಜಿನ ಮೊದಲೇ ತಕರಾರು ಎತ್ತಲು ಹಿಡಿ ಸಿಗುತ್ತದೆ.

ಮಾರುವವರ ಹೆಸರಿನ ಪ್ರಶ್ನೆಯಲ್ಲಿ ನಾನು ಗೋಪ್ಯತೆಯ ಪರ. ಸಾವಿನ ನಂತರ, ಸಾಲದ ಒತ್ತಡದಲ್ಲಿ, ವಿಚ್ಛೇದನದಲ್ಲಿ ವಸ್ತು ಮಾರುವವರಿಗೆ ಅದು ಬೇಕು. ಹೆಸರನ್ನು ಲೋಕಕ್ಕೆ ಹೇಳಬೇಕಾಗಿಲ್ಲ. ಆದರೆ ಸಂಸ್ಥೆ ಮಾತ್ರ ಹೆಸರಿನ ಹಿಂದೆ ಹೋಗಿ, ಈ ವಸ್ತು ಅವರ ಕೈಗೆ ಎಲ್ಲಿಂದ ಬಂತು, ಎಷ್ಟು ಕಾಲದಿಂದ ಇದೆ, ಅದಕ್ಕೂ ಹಿಂದೆ ಯಾರಲ್ಲಿತ್ತು ಎಂದು ಕೇಳಿ ಬರೆದಿಟ್ಟುಕೊಳ್ಳಬೇಕು. ಜೋಡಣೆ ಗಡಿಯಾರಕ್ಕೆ ಸಾಮಾನ್ಯವಾಗಿ ಭೂತಕಾಲ ಚಿಕ್ಕದಾಗಿರುತ್ತದೆ.

ಪ್ರೀಮಿಯಂ ವಿಷಯದಲ್ಲಿ ನನ್ನ ಅಭಿಪ್ರಾಯ ಇನ್ನೂ ಬಿಗಿ. ಕೂಗು ಅಂದಾಜಿನ ಮೇಲ್ಮಿತಿಯ ಹತ್ತು ಪಟ್ಟು ದಾಟಿದ ಯಾವುದೇ ಹಳೆಯ ಗಡಿಯಾರದ ಹಣವನ್ನು, ಮಾರಿದವರ ಪಾಲನ್ನೂ ಸಂಸ್ಥೆಯ ಪಾಲನ್ನೂ ಸೇರಿಸಿ, ಮೂರನೆಯವರ ಖಾತೆಯಲ್ಲಿ ತಡೆಹಿಡಿದು, ಎರಡೂ ಕಡೆಯವರಿಗೆ ಸಂಬಂಧವಿಲ್ಲದ ಗಡಿಯಾರ ತಯಾರಕರೊಬ್ಬರು ಬಿಚ್ಚಿ ನೋಡಿದ ಮೇಲೆಯೇ ಬಿಡುಗಡೆ ಮಾಡಬೇಕು. ಇದಕ್ಕೆ ತಗಲುವ ಖರ್ಚು ಆ ಪ್ರೀಮಿಯಂನ ಒಂದು ಚೂರು. ಹತ್ತು ಪಟ್ಟು ಎಂಬ ಗೆರೆಯನ್ನು ಐದಕ್ಕೆ ಇಳಿಸಿದರೂ ನನ್ನ ಆಕ್ಷೇಪವಿಲ್ಲ.